ಎರಡು ತಲೆಯ ಬಾಣ

"ಈ ಬಾಣಕ್ಕೆ ಎರಡನೇ ತಲೆ ಇಟ್ಟವರು ಯಾರು?"

ಕೇಳಿದವರು ಬಾಗಿಲಲ್ಲಿ ನಿಂತಿದ್ದರು. ಎತ್ತರದ ಮನುಷ್ಯ. ಕನ್ನಡಕ ಹಣೆಯ ಮೇಲಿತ್ತು. ಕೈಯಲ್ಲಿ ನಾನು ಹಿಂದಿನ ದಿನ ಬರೆದು ಕಳಿಸಿದ್ದ ಹಾಳೆ. ಮೂರನೇ ಮಹಡಿಯಲ್ಲಿ ಗಣಿತದ ಪುಸ್ತಕ ಬರೆಯುತ್ತಿದ್ದ ಇವರನ್ನು ನಮ್ಮ ಸಂಸ್ಥೆಯ ಕೆಲಸದವರು ಬಾಣದ ಮೇಷ್ಟ್ರು ಎನ್ನುತ್ತಿದ್ದರು. ಪುಟಕ್ಕೆ ಹತ್ತು ಬಾಣವಿಲ್ಲದೆ ಅವರಿಗೆ ಬರೆಯಲು ಬರುತ್ತಿರಲಿಲ್ಲ.

"ನಾನೇ ಸರ್," ಎಂದೆ. "ಹಿಂದಿನ ಇಪ್ಪತ್ತು ಪುಟದಲ್ಲೂ ಎರಡು ತಲೆ ಇತ್ತಲ್ಲ. ಇಲ್ಲಿ ಮರೆತಿರಬೇಕು ಅಂದ್ಕೊಂಡೆ."

"ಮರೆತಿಲ್ಲ. ಆ ಇಪ್ಪತ್ತು ಪುಟದ ದಾರಿಗಳಲ್ಲಿ ಹೋಗಿ ವಾಪಸ್ ಬರಬಹುದು. ಇದರಲ್ಲಿ ಹೋದವರು ಹೋದ ಹಾಗೇ."

ಹೇಳುತ್ತಾ ಎರಡು ಹೆಜ್ಜೆ ಒಳಗೆ ಬಂದರು. ಬಾಗಿಲಿಗೆ ಕೊಟ್ಟಿದ್ದ ಮರದ ತುಂಡಿಗೆ ಅವರ ಕಾಲು ತಗುಲಿತು. ನಾನು ಏಳುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು.

ಸಂಸ್ಥೆಯ ನೆಲಮಾಳಿಗೆಯ ಆ ಡ್ರಾಯಿಂಗ್ ರೂಮಿನಲ್ಲಿ ಹನ್ನೆರಡು ವರ್ಷದಿಂದ ನಾನೊಬ್ಬಳೇ. ಮೇಲಿನವರು ಪೆನ್ಸಿಲ್ಲಿನಲ್ಲಿ ಗೀಚಿದ್ದನ್ನು ಅಚ್ಚಿಗೆ ಹೋಗುವ ಹಾಗೆ ಇಂಕಿನಲ್ಲಿ ಬರೆಯುವುದು ನನ್ನ ಕೆಲಸ. ಕಿಟಕಿಯಿಲ್ಲ, ಒಂದು ಟ್ಯೂಬ್ ಲೈಟು, ಓರೆ ಮೇಜು. ಬಾಗಿಲಿನ ಒಳಗಿನ ಹಿಡಿ ಯಾವ ಕಾಲದಲ್ಲೋ ಮುರಿದಿತ್ತು. ಹೊರಗಿನಿಂದ ತಳ್ಳಿದರೆ ತೆರೆಯುತ್ತದೆ, ಒಳಗಿನಿಂದ ಏನು ಮಾಡಿದರೂ ಇಲ್ಲ. ಮೂರು ಸಲ ಅರ್ಜಿ ಬರೆದುಕೊಟ್ಟು ಸುಮ್ಮನಾಗಿದ್ದೆ.

"ಈಗ?" ಎಂದರು ಅವರು.

"ನಾಲ್ಕು ಗಂಟೆಗೆ ಟೀ ತರೋಳು ಬರ್ತಾಳೆ."

"ಈಗೆಷ್ಟು?"

"ಎರಡೂ ಮುಕ್ಕಾಲು."

ಅವರು ಬಾಗಿಲನ್ನು ನೋಡಿದರು, ಕೈಯಲ್ಲಿದ್ದ ಹಾಳೆಯನ್ನು ನೋಡಿದರು. "ಒಂದೇ ತಲೆಯ ಬಾಣ ಅಂದ್ರೆ ಇದೇ ನೋಡಿ," ಎಂದರು. ಸಿಟ್ಟಿನಲ್ಲಿ ಬಂದ ಮನುಷ್ಯ ನಗುವುದನ್ನು ನಾನು ಅಷ್ಟು ಹತ್ತಿರದಿಂದ ಕಂಡಿರಲಿಲ್ಲ. ಮೊದಲು ಕಣ್ಣು ನಕ್ಕಿತು. ತುಟಿ ಆಮೇಲೆ, ಅನುಮತಿ ಕೇಳಿಕೊಂಡು ಬಂದ ಹಾಗೆ.

ಇದ್ದ ಒಂದೇ ಸ್ಟೂಲನ್ನು ಅವರಿಗೆ ಕೊಟ್ಟೆ. ಅವರು ಕೂರಲಿಲ್ಲ. ನನ್ನ ಇಂಕಿನ ಬಾಟಲಿಯನ್ನೂ ಸ್ಕೇಲನ್ನೂ ಪಕ್ಕಪಕ್ಕ ಇಟ್ಟರು.

"ಒಂದು ಲೋಕ ಇದೆ ಅಂದ್ಕೊಳ್ಳಿ. ಅಲ್ಲಿ ಎರಡು ವಸ್ತುನ ಪಕ್ಕಪಕ್ಕ ಇಟ್ಟರೆ ಅದೇ ಇನ್ನೊಂದು ವಸ್ತು ಆಗತ್ತೆ. ಜೋಡಿ. ಹಾಗೆ ಜೋಡಿಸೋದಕ್ಕೆ ನಿಯಮ ಇರೋ ಲೋಕಕ್ಕೆ ಮೊನಾಯ್ಡಲ್ ಕ್ಯಾಟಗರಿ ಅಂತೀವಿ. ಅಂಥ ಒಂದು ಲೋಕದಿಂದ ಇನ್ನೊಂದಕ್ಕೆ ಎಲ್ಲವನ್ನೂ ಸಾಗಿಸೋದು ಫಂಕ್ಟರ್. ನನ್ನ ಪುಸ್ತಕದ ಪ್ರಶ್ನೆ ಒಂದೇ. ಜೋಡಿಸಿ ಸಾಗಿಸಿದ್ದೂ ಸಾಗಿಸಿ ಜೋಡಿಸಿದ್ದೂ ಒಂದೇನಾ?"

"ಕಪ್ಪೂ ಸಾಸರೂ ಒಟ್ಟಿಗೆ ಕಟ್ಟಿ ಕಳಿಸೋದು, ಇಲ್ಲಾ ಬೇರೆ ಬೇರೆ ಕಳಿಸಿ ಅಲ್ಲಿ ಜೋಡಿಸೋದು."

ಅವರು ಕನ್ನಡಕವನ್ನು ಹಣೆಯಿಂದ ಕಣ್ಣಿಗಿಳಿಸಿ ನನ್ನನ್ನು ನೋಡಿದರು. "ಹೂಂ. ಎರಡೂ ಒಂದೇ ಆದರೆ, ಆ ಕಡೆಯಿಂದ ಈ ಕಡೆಗೂ ದಾರಿ ಇದ್ರೆ, ಸ್ಟ್ರಾಂಗ್ ಅಂತೀವಿ. ಅದಕ್ಕೆ ಎರಡು ತಲೆಯ ಬಾಣ. ಬರೀ ಹೋಗೋಕೆ ದಾರಿ ಇದ್ದು, ಬರೋಕೆ ಇರಲೇಬೇಕು ಅಂತಿಲ್ಲದಿದ್ರೆ ಲ್ಯಾಕ್ಸ್."

"ಅಂದ್ರೆ ಅದು ಸಡಿಲ. ಎರಡನೇ ದರ್ಜೆ."

"ಎಲ್ಲರೂ ಹಾಗೇ ಅಂತಾರೆ," ಎಂದರು. ಆಮೇಲೆ ಮೇಜಿನ ಮೇಲೆ ಬೆರಳಿಟ್ಟು ಹೇಳಿದರು: "ಇನ್ನೊಂದಿದೆ. ಪ್ರತಿ ಲೋಕದಲ್ಲೂ ಒಂದು ಯೂನಿಟ್ ಇರತ್ತೆ. ಅದನ್ನ ಯಾರ ಪಕ್ಕ ಇಟ್ಟರೂ ಏನೂ ಬದಲಾಗಲ್ಲ. ಇದ್ದರೂ ಇಲ್ಲದ ಹಾಗೆ."

"ಅದು ನನಗೆ ಗೊತ್ತು," ಎಂದೆ.

"ಹೌದಾ? ಎಲ್ಲಿ ಓದಿದ್ರಿ?"

"ಓದಿಲ್ಲ. ನಮ್ಮ ಮನೇಲಿದೆ."

ನಮ್ಮ ಮನೆ ಎಂದರೆ ಅಣ್ಣನ ಮನೆ. ಅಣ್ಣ, ಅತ್ತಿಗೆ, ಅವರ ಇಬ್ಬರು ಹೆಣ್ಣುಮಕ್ಕಳು, ನಾನು. ಹಾಲಿಗೂ ಅಡುಗೆಮನೆಗೂ ನಡುವಿನ ದಾರಿಯಲ್ಲಿ ನನ್ನ ಮಡಚುವ ಮಂಚ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅದನ್ನು ಮಡಚದಿದ್ದರೆ ಯಾರಿಗೂ ಓಡಾಡಲು ಜಾಗವಿಲ್ಲ. ಗೋಡೆಯ ಫೋಟೋದಲ್ಲಿ ನಾಲ್ವರಿದ್ದಾರೆ. ಅದನ್ನು ತೆಗೆದವಳು ನಾನು. ಯಾರಾದರೂ ಬಂದು ಎಷ್ಟು ಜನ ಎಂದು ಕೇಳಿದರೆ ಅತ್ತಿಗೆ "ನಾವು ನಾಲ್ಕು ಜನ" ಎನ್ನುತ್ತಿದ್ದಳು, ನನ್ನ ಕೈಯಿಂದ ತರಕಾರಿ ಹೆಚ್ಚುವ ಚಾಕು ತೆಗೆದುಕೊಳ್ಳುತ್ತಲೇ. ಅತ್ತಿಗೆ ಕೆಟ್ಟವಳಲ್ಲ. ಅವಳ ಲೆಕ್ಕಕ್ಕೆ ನಾನು ಬರುತ್ತಿರಲಿಲ್ಲ, ಅಷ್ಟೆ. ಆಗ ನನಗೆ ಮೂವತ್ತೊಂಬತ್ತು. ಏಳನೇ ಕ್ಲಾಸಿಗೆ ಬಿಟ್ಟ ಶಾಲೆಯನ್ನು ಕೆಲಸ ಮುಗಿಸಿ ರಾತ್ರಿ ಶಾಲೆಯಲ್ಲಿ ಮತ್ತೆ ಹಿಡಿದಿದ್ದೆ. ಅದೂ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಡವಾಗಿ ಬಂದರೆ ಯಾಕೆ ಎಂದು ಕೇಳುವವರಿರಲಿಲ್ಲ.

ಇಷ್ಟನ್ನೂ ಆ ಮಧ್ಯಾಹ್ನ ಅವರಿಗೆ ಹೇಳಿಬಿಟ್ಟೆ. ಬಾಗಿಲು ಮುಚ್ಚಿದ್ದಕ್ಕೆ ಮಾತು ಹೊರಗೆ ಹೋಗುವುದಿಲ್ಲ ಎಂಬ ಧೈರ್ಯವಿರಬೇಕು. ನಾಲ್ಕಕ್ಕೆ ಟೀಯವಳು ಬಾಗಿಲು ತಳ್ಳಿ, ನಮ್ಮಿಬ್ಬರನ್ನೂ ನೋಡಿ, "ಒಂದೇ ಲೋಟ ತಂದಿದ್ದೀನಿ, ಗೆರೆ ಅಕ್ಕ," ಎಂದಳು.

"ಪರವಾಗಿಲ್ಲ," ಎಂದರು ಮೇಷ್ಟ್ರು. "ಗೆರೆ ಅಕ್ಕ ಅನ್ನೋದು ನಿಮ್ಮ ಹೆಸರಾ?"

"ಎಲ್ಲರೂ ಹಾಗೇ ಕರೀತಾರೆ. ನೀವೂ ಕರೀಬಹುದು."

"ಆಗಲ್ಲ," ಎಂದರು. "ಗೆರೆ ತನಕ ಸರಿ. ಅಕ್ಕ ಮಾತ್ರ ಬಾಯಿಗೆ ಬರ್ತಿಲ್ಲ."

ನನ್ನ ಪೆನ್ನಿನಿಂದ ಇಂಕು ತೊಟ್ಟಿಕ್ಕಿತು. ಹನ್ನೆರಡು ವರ್ಷದಲ್ಲಿ ಅದು ಮೊದಲನೆಯ ಸಲ.

ಮರುದಿನದಿಂದ ಹಾಳೆಗಳನ್ನು ಜವಾನನ ಕೈಲಿ ಕಳಿಸುವುದು ನಿಂತಿತು. ತಾವೇ ತಂದುಕೊಡುತ್ತಿದ್ದರು, ಒಂದೊಂದಾಗಿ. ಐದು ಹಾಳೆಗೆ ಐದು ಸಲ ಮೆಟ್ಟಿಲಿಳಿಯುವರು. ಮರದ ತುಂಡನ್ನು ಬಗ್ಗಿ ಬಾಗಿಲಿಗೆ ಒತ್ತಿ, ಭದ್ರವಾಗಿದೆಯೇ ಎಂದು ನೋಡಿ, ಆಮೇಲೆ ಒಳಗೆ ಬರುವರು. ನಾನು ಗೆರೆ ಎಳೆಯುವಾಗ ಅವರು ಉಸಿರು ಬಿಗಿಹಿಡಿಯುತ್ತಿದ್ದರು. ಗೆರೆ ಮುಗಿದಾಗ ಇಬ್ಬರೂ ಒಟ್ಟಿಗೆ ಉಸಿರು ಬಿಡುತ್ತಿದ್ದೆವು.

ಒಂದು ದಿನ ಬಾಗಿಲು ಮತ್ತೆ ಮುಚ್ಚಿಕೊಂಡಿತು.

"ಈ ಸಲವೂ ಕಾಲು ತಗುಲಿತಾ?"

"ಇಲ್ಲ," ಎಂದರು. "ಈ ಸಲ ತಗುಲಲಿಲ್ಲ."

ಹಾಳೆಯಿಂದ ಕಣ್ಣೆತ್ತದೆ ಕೇಳಿದೆ, "ಯಾಕೆ ಸರ್?"

"ತಿಂಗಳ ಕೊನೆಗೆ ನಾನು ಈ ಊರು ಬಿಡ್ತಿದ್ದೀನಿ. ದೂರದಲ್ಲಿ ಕೆಲಸ. ಪುಸ್ತಕ ಅಲ್ಲೇ ಮುಗಿಯತ್ತೆ. ಜೋಡಿಸಿ ಸಾಗಿಸೋಣವಾ, ಸಾಗಿಸಿ ಜೋಡಿಸೋಣವಾ ಅಂತ ಕೇಳೋಣ ಅಂತ ಬಂದೆ."

ಅರ್ಥವಾಗಲು ನನಗೆ ಒಂದು ಬಾಣ ಬರೆಯುವಷ್ಟು ಹೊತ್ತು ಬೇಕಾಯಿತು. ಮದುವೆಯಾಗಿ ಹೋಗುವುದೋ, ಹೋಗಿ ಮದುವೆಯಾಗುವುದೋ.

"ಎರಡೂ ಒಂದೇನಾ?" ಎಂದೆ.

"ನನಗೆ ಒಂದೇ. ನಿಮಗೆ?"

ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದೆ. ಅಂದು ಸಂಜೆ ಅಣ್ಣ ಊಟದ ತಟ್ಟೆಯಿಂದ ತಲೆಯೆತ್ತದೆ ಪೂರ್ತಿ ಕೇಳಿಸಿಕೊಂಡ.

"ಈ ವಯಸ್ಸಿಗೆ?" ಎಂದ.

"ಚಿಕ್ಕವಳಿಗೆ ಜಡೆ ಹಾಕೋರು ಯಾರು?" ಎಂದಳು ಅತ್ತಿಗೆ. "ನನ್ನ ಕೈಲಿ ಅವಳು ಹಾಕಿಸ್ಕೊಳ್ಳಲ್ಲ."

"ಹೋಗೋದಾದ್ರೆ ಹೋಗು," ಎಂದ ಅಣ್ಣ. "ಬೇಡ ಅನ್ನಲ್ಲ. ಆದರೆ ನಾಳೆ ಏನೋ ಆಯ್ತು ಅಂತ ಈ ಬಾಗಿಲಿಗೆ ಬರಬೇಡ. ಹೋದೋಳು ಹೋದ ಹಾಗೇ."

ಹಾಲಿನ ದೀಪ ಆರಿದ ಮೇಲೆ ಮಂಚ ಬಿಡಿಸಿದೆ. ಎರಡೂ ಕಡೆ ಗೋಡೆ. ಕೈ ಚಾಚಿದರೆ ಎರಡೂ ಸಿಗುತ್ತಿದ್ದವು. ಹೆದರಿಕೆ ಅಣ್ಣನ ಮಾತಿನದಲ್ಲ. ನಾನೇ ಇಂಕಿನಲ್ಲಿ ಬರೆದುಕೊಟ್ಟಿದ್ದ ಹದಿನಾಲ್ಕನೇ ಪುಟದ್ದು.

ಮರುದಿನ ಅವರಿಗೆ ಹೇಳಿದೆ. "ಯೂನಿಟ್ಟನ್ನ ಸಾಗಿಸಿದ್ರೆ ಅಲ್ಲೂ ಯೂನಿಟ್ಟೇ ಆಗತ್ತೆ ಅಂತ ನೀವೇ ಬರೆದಿದ್ದೀರಿ. ಇಲ್ಲಿ ಇಲ್ಲದ ಹಾಗಿರೋಳು ಅಲ್ಲೂ ಇಲ್ಲದ ಹಾಗೇ ಇರ್ತೀನಿ. ನಿಮ್ಮ ಮನೇಲೂ ಒಂದು ಮಂಚ ಮಡಚಿಡ್ತೀನಿ, ಅಷ್ಟೆ. ಇಲ್ಲಿಯಾದ್ರೆ ಜಡೆ ಹಾಕಿಸ್ಕೊಳ್ಳೋಕೆ ಒಬ್ಬಳಿದ್ದಾಳೆ. ಅಲ್ಲಿಂದ ವಾಪಸ್ ಬರೋಕೂ ದಾರಿ ಇರಲ್ಲ. ಬೇಡ ಸರ್."

ಅವರು ವಾದಿಸಲಿಲ್ಲ. ಕನ್ನಡಕ ಒರೆಸಿದರು, ಬಹಳ ಹೊತ್ತು ಒರೆಸಿದರು. ಹೋಗುವಾಗ ಮರದ ತುಂಡನ್ನು ಬಾಗಿಲಿಗೆ ಇನ್ನೊಮ್ಮೆ ಒತ್ತಿ ಹೋದರು.

ಒಂದು ವಾರ ಹಾಳೆಗಳು ಜವಾನನ ಕೈಲೇ ಬಂದವು. ಬೇಡವೆಂದಿದ್ದು ನಾನೇ, ಆದರೂ ಮೆಟ್ಟಿಲಲ್ಲಿ ಹೆಜ್ಜೆ ಕೇಳಿದಾಗಲೆಲ್ಲ ಪೆನ್ನು ನಿಲ್ಲುತ್ತಿತ್ತು. ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಅತ್ತಿಗೆ ಒಂದೇ ಒಂದು ಸಲ, "ಒಳ್ಳೇದಾಯ್ತು ಬಿಡು," ಎಂದು ಬಟ್ಟೆಯ ರಾಶಿಯನ್ನು ನನ್ನ ಕಡೆ ಸರಿಸಿದಳು.

ಶುಕ್ರವಾರ ಬಂದದ್ದು ಆ ಅಧ್ಯಾಯದ ಕೊನೆಯ ಚಿತ್ರ. ಹಾಳೆಯ ಎರಡು ಬದಿಯಲ್ಲಿ ಎರಡು ಲೋಕ. ಎಡಗಡೆ ಒಂದು ನೀಳ ಗೆರೆ; ಅದರ ಕೆಳಗೆ 'ಇಲ್ಲಿ ಯೂನಿಟ್ ಇದು' ಎಂದು ಅವರ ಪೆನ್ಸಿಲ್ ಅಕ್ಷರ. ಬಲಗಡೆ ಒಂದು ಚುಕ್ಕೆ: 'ಇಲ್ಲಿಯ ಯೂನಿಟ್.' ಎಡಗಡೆಯ ಗೆರೆಯನ್ನು ಸಾಗಿಸಿ ಬಲಕ್ಕೆ ತಂದಾಗ ಅದು ಚುಕ್ಕೆಯಾಗಿರಲಿಲ್ಲ. ಗೆರೆಯಾಗಿಯೇ ಉಳಿದಿತ್ತು. ಆ ಪುಟ್ಟ ಚುಕ್ಕೆಯಿಂದ ಗೆರೆಯತ್ತ ಒಂದೇ ತಲೆಯ ಬಾಣ. ಅಂಚಿನಲ್ಲಿ ಸಣ್ಣಗೆ: 'ಹದಿನಾಲ್ಕನೇ ಪುಟದ ಮಾತು ಸ್ಟ್ರಾಂಗ್‌ಗೆ ಮಾತ್ರ. ಲ್ಯಾಕ್ಸ್ ಆದರೆ ಹಾಗಾಗಲೇಬೇಕೆಂದಿಲ್ಲ.'

ಸ್ಕೇಲಿಟ್ಟು ಗೆರೆ ಎಳೆದೆ. ಎಲ್ಲಿ ನಿಲ್ಲಿಸಬೇಕೆಂದು ಅವರು ಗುರುತು ಮಾಡಿರಲಿಲ್ಲ. ಪೆನ್ನು ಹಾಳೆಯ ಅಂಚಿನವರೆಗೂ ಹೋಯಿತು.

ಇಂಕು ಒಣಗುವವರೆಗೆ ಕೂತಿದ್ದೆ. ಆಮೇಲೆ ಎದ್ದು, ಹನ್ನೆರಡು ವರ್ಷದಲ್ಲಿ ಮೊದಲ ಸಲ, ಮೂರನೇ ಮಹಡಿಗೆ ಹತ್ತಿದೆ. ಅಲ್ಲಿ ಕಿಟಕಿಗಳಿದ್ದವು. ಅಷ್ಟೊಂದು ಬೆಳಕಿಗೆ ಕಣ್ಣು ಚುಚ್ಚಿತು. ಅವರು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು.

"ಇದು ಯಾವ ಫಂಕ್ಟರು?" ಎಂದೆ, ಬಾಗಿಲಲ್ಲೇ ನಿಂತು.

"ಮರೆಯೋ ಫಂಕ್ಟರ್."

"ಎಲ್ಲಾ ಮರೆತುಬಿಡತ್ತಾ?"

"ಹಳೇ ಲೋಕದಲ್ಲಿ ಹೇಗೆ ಕೂಡಬೇಕು, ಹೇಗೆ ಹಿಗ್ಗಬೇಕು ಅನ್ನೋ ನಿಯಮಗಳನ್ನ ಮರೆಯತ್ತೆ. ಆದರೆ ಗೆರೆ ಮೇಲಿನ ಚುಕ್ಕೆಗಳನ್ನ ಒಂದನ್ನೂ ಬಿಡದೆ ತಗೊಂಡು ಹೋಗತ್ತೆ. ಅಲ್ಲಿ ಏನೂ ಅಲ್ಲ ಅನ್ನಿಸಿಕೊಂಡಿದ್ದು ಇಲ್ಲಿಗೆ ಬಂದು ಅಷ್ಟುದ್ದ ಆಗತ್ತೆ. ಅಲ್ಲೂ ಅದು ಅಷ್ಟೇ ಉದ್ದ ಇತ್ತು. ಯಾರೂ ಎಣಿಸಿರಲಿಲ್ಲ."

"ವಾಪಸ್ ದಾರಿ?"

ಅವರು ಕೈಯಲ್ಲಿದ್ದ ಪುಸ್ತಕವನ್ನು ಕೆಳಗಿಟ್ಟರು. "ಇಲ್ಲ. ಅದರಲ್ಲಿ ನಿಮಗೆ ಸುಳ್ಳು ಹೇಳಲ್ಲ. ನಿಮ್ಮಣ್ಣ ಬಾಗಿಲು ಹಾಕ್ಕೊಂಡ್ರೆ ಅದನ್ನ ತೆಗೆಯೋ ಗಣಿತ ನನ್ನ ಹತ್ರ ಇಲ್ಲ."

ಕೆಳಗೆ ಯಾರೋ ಬಾಗಿಲು ತಳ್ಳಿದ ಸದ್ದಾಯಿತು. ನಾನು ಅವರ ಮೇಜಿನವರೆಗೂ ಹೋಗಿ ಹಾಳೆಯನ್ನು ಅವರ ಮುಂದಿಟ್ಟೆ.

"ನೋಡಿಕೊಳ್ಳಿ," ಎಂದೆ. "ಈ ಸಲ ಬಾಣಕ್ಕೆ ಒಂದೇ ತಲೆ ಇಟ್ಟಿದ್ದೀನಿ."

ಅವರು ನೋಡಿದ್ದು ಹಾಳೆಯನ್ನಲ್ಲ. ಮೊದಲು ಕಣ್ಣು ನಕ್ಕಿತು.

ಹೊರಡುವ ದಿನ ಬೆಳಿಗ್ಗೆ ಚಿಕ್ಕವಳಿಗೆ ಜಡೆ ಹಾಕಿದೆ. ಬಿಗಿಯಾಗಿ, ಎರಡು ದಿನ ಬಿಚ್ಚದ ಹಾಗೆ. "ನಾಳೆ ಅಮ್ಮನ ಕೈಲಿ ಹಾಕಿಸ್ಕೊ," ಎಂದಾಗ ಅವಳು ಕನ್ನಡಿಯಲ್ಲೇ ನನ್ನನ್ನು ನೋಡಿದಳು. ಅಣ್ಣ ಒಳಗಿನ ಕೋಣೆಯಿಂದ ಹೊರಗೆ ಬರಲಿಲ್ಲ. ಮಂಚವನ್ನು ಮಡಚಿ ಗೋಡೆಗೆ ಒರಗಿಸಿದೆ. ಬಾಗಿಲಲ್ಲಿ ಜನಗಣತಿಯವನೊಬ್ಬ ಪುಸ್ತಕ ಹಿಡಿದು ನಿಂತಿದ್ದ.

"ಮನೇಲಿ ಎಷ್ಟು ಜನ?"

"ನಾಲ್ಕು," ಎಂದಳು ಅತ್ತಿಗೆ, ಎಂದಿನ ಹಾಗೆ. ಹೇಳಿದ ಮೇಲೆ ನನ್ನ ಕೈಯ ಪೆಟ್ಟಿಗೆಯನ್ನು ನೋಡಿ ತುಟಿ ಕಚ್ಚಿಕೊಂಡಳು. ಅವಳ ಲೆಕ್ಕ ಆವತ್ತು ಮೊದಲ ಸಲ ಸರಿಯಾಗಿತ್ತು. ಅವನು ಬರೆದುಕೊಂಡು ಹೋದ ಮೇಲೆ ನಾನು ಹೊಸಿಲು ದಾಟಿದೆ. ಹಿಂದೆ ಚಿಲಕ ಬಿತ್ತು. ಮೆಟ್ಟಿಲಿನ ಮೇಲೆ ಒಂದು ನಿಮಿಷ ನಿಂತೆ. ಆ ನಿಮಿಷ ಈಗಲೂ ನೆನಪಿದೆ. ಮುಂದೆ ಹೋಗುವುದೂ ಕಷ್ಟವಾಗಿತ್ತು.

ನಾವು ಜೋಡಿಸಿಯೇ ಸಾಗಿದೆವು. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ, ಟೀಯವಳನ್ನು ಸಾಕ್ಷಿ ಮಾಡಿ, ಅಲ್ಲಿಂದ ಸ್ಟೇಷನ್ನಿಗೆ. ಹೊಸ ಊರಿನಲ್ಲಿ ಮನೆ ತೋರಿಸಿದ ಮಾಲೀಕಳು ದಪ್ಪ ಕನ್ನಡಕದ ಮುದುಕಿ. ಒಂದು ಕೋಣೆ, ಒಂದು ಕಿಟಕಿ. ಬಾಗಿಲಿಗೆ ಎರಡೂ ಕಡೆ ಹಿಡಿ ಇದೆಯೇ ಎಂದು ಮೊದಲು ನೋಡಿದೆ.

"ಎಷ್ಟು ಜನಮ್ಮ ಇರೋದು?" ಎಂದಳು ಮುದುಕಿ, ನನ್ನನ್ನೇ.

"ಒಬ್ಬರು," ಎಂದೆ.

ಬಾಯಿಂದ ಬಿದ್ದುಹೋಗಿತ್ತು. ಮುದುಕಿ ಅವರನ್ನು ನೋಡಿದಳು, ನನ್ನನ್ನು ನೋಡಿದಳು. ಅವರು ನನ್ನನ್ನು ತಿದ್ದಲಿಲ್ಲ. ಪೆಟ್ಟಿಗೆಯನ್ನು ಕೆಳಗಿಟ್ಟು, ಕನ್ನಡಕವನ್ನು ಹಣೆಗೇರಿಸಿ, ನಾನು ಗೆರೆ ಎಳೆಯುವಾಗ ಕಾಯುತ್ತಿದ್ದ ಹಾಗೆ ಉಸಿರು ಬಿಗಿಹಿಡಿದು ಕಾದರು.

"ಇನ್ನೊಂದ್ಸಲ ಎಣಿಸು," ಎಂದರು ಮೆಲ್ಲಗೆ. ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ನನ್ನ ಬೆರಳು ಮೊದಲು ಅವರ ಕಡೆಗೆ ಹೋಯಿತು. ಆಮೇಲೆ, ಹಾದಿ ಗೊತ್ತಿಲ್ಲದ್ದರ ಹಾಗೆ ನಿಧಾನವಾಗಿ, ನನ್ನ ಎದೆಗೆ ಬಂತು.

"ಇಬ್ಬರು," ಎಂದೆ.

ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು.