ಗರಡಿಯ ಮಣ್ಣು ಮೆತ್ತಿದ ಪಾದ

"ದಿನಕ್ಕೆ ಎರಡು ಲೀಟರ್ ಹಾಲಾ?"

ಬರೆಯುತ್ತಿದ್ದ ಸುಷ್ಮಾಳ ಪೆನ್ನು ನಿಂತಿತು. ಜಯಲಕ್ಷ್ಮಿಪುರಂನ ಆ ನರ್ಸಿಂಗ್ ಹೋಮಿನಲ್ಲಿ ರೋಗಿಗಳಿಗೆ ಪಥ್ಯ ಹೇಳುವ ಡಯಟಿಷಿಯನ್ ಅವಳು.

ಎದುರಿಗೆ ಕುರ್ಚಿ ತುಂಬಿ ಕುಳಿತಿದ್ದ ರುದ್ರಸ್ವಾಮಿ ತಲೆ ಎತ್ತಲಿಲ್ಲ. ಉತ್ತರ ಕೊಟ್ಟವರು ಅವನ ತಾಯಿ ಪುಟ್ಟಬಸಮ್ಮ.

"ಅದಕ್ಕೆ ಬೊಗಸೆ ಬಾದಾಮಿ ಅರೆದು ಹಾಕ್ತೀನಿ ಕಣಮ್ಮ, ಮೇಲೆ ತುಪ್ಪ. ಮಂಡಿ ಮೊಹಲ್ಲಾದ ಪೈಲ್ವಾನ ಅಂದ್ರೆ ಸುಮ್ನೇನಾ?"

"ಈಗಲೂ ಕುಸ್ತಿ ಮಾಡ್ತೀರಾ?"

ಆಗ ಅವನು ಕಣ್ಣೆತ್ತಿ ನೋಡಿದ. ಆ ನೋಟದಲ್ಲಿದ್ದ ನಾಚಿಕೆ ಅವಳ ಎದೆಗೆ ನಾಟಿತು.

ಭುಜ ಮುರಿದು ಅವನು ಗರಡಿ ಬಿಟ್ಟು ನಾಲ್ಕು ವರ್ಷವಾಗಿತ್ತು. ಸಾಮು ನಿಂತರೂ ಹಾಲಿನ ಬಟ್ಟಲು ನಿಂತಿರಲಿಲ್ಲ. ಅದನ್ನು ನಿಲ್ಲಿಸಿದರೆ ಮಗ ಇನ್ನು ಪೈಲ್ವಾನನಲ್ಲ ಎಂದು ತಾಯಿಯೇ ಒಪ್ಪಿಕೊಂಡಂತೆ! ರಕ್ತದಲ್ಲಿ ಸಕ್ಕರೆ ಮುನ್ನೂರ ಎಂಬತ್ತಕ್ಕೆ ಏರಿತ್ತು.

ಸುಷ್ಮಾ ಹಾಲು, ತುಪ್ಪ ಇಳಿಸಿದಳು. ಸಣ್ಣ ಮುದ್ದೆ, ಸೊಪ್ಪಿನ ಸಾರು, ಮೊಳಕೆ ಹುರುಳಿ, ಸಂಜೆ ನಡಿಗೆ. ಹಾಗಾದರೆ ಇಷ್ಟು ದಿನ ಮಗನಿಗೆ ವಿಷ ಹಾಕಿದೆನೇ ಎಂದು ಪುಟ್ಟಬಸಮ್ಮ ಅತ್ತರು. ಸುಷ್ಮಾ ನೀರಿನ ಲೋಟವನ್ನು ಅವರತ್ತ ಸರಿಸಿದಳು.

ಪ್ರತಿ ಬುಧವಾರ ಅವನು ತಪ್ಪದೆ ಬಂದ. ಸಕ್ಕರೆ ಇಳಿಯಿತು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಇಬ್ಬರ ನಡಿಗೆಯೂ ಒಂದೇ ಹೊತ್ತಿಗೆ ಆಗತೊಡಗಿತು. ಅವನು ಮಾತಾಡಿದ್ದು ಕಡಿಮೆ. ಆದರೂ ಬುಧವಾರ ಬಂತೆಂದರೆ ಅವಳು ಕನ್ನಡಿಯ ಮುಂದೆ ಒಂದು ಗಳಿಗೆ ಹೆಚ್ಚು ನಿಲ್ಲುತ್ತಿದ್ದಳು.

*ಇದೇನಿದು... ಈ ವಯಸ್ಸಿನಲ್ಲಿ?* ಅವಳಿಗೆ ಮೂವತ್ತಮೂರು.

ಮೂರನೇ ತಿಂಗಳು ಅವನ ಅಂಗಾಲಿನಲ್ಲಿ ಒಂದು ಬೊಬ್ಬೆ ಎದ್ದಿತು.

"ನೋವೇ ಇಲ್ಲ ಬುಡಿ, ಮೇಡಂ."

ಅವಳು ಹೆದರಿದ್ದೇ ಆ ಮಾತಿಗೆ. ಸಕ್ಕರೆ ಕಾಯಿಲೆ ಪಾದದ ಸ್ಪರ್ಶವನ್ನೇ ತಿಂದುಹಾಕಿತ್ತು. ಡ್ರೆಸ್ಸಿಂಗ್ ತಪ್ಪಿಸಬೇಡಿ, ಗಾಯ ಮಾಯುವವರೆಗೆ ನಡಿಗೆಯೂ ಬೇಡ, ಬರಿಗಾಲಂತೂ ಬೇಡವೇ ಬೇಡ ಎಂದು ಮೂರು ಸಲ ಹೇಳಿ ಕಳಿಸಿದಳು.

ಆಮೇಲೆ ಎರಡು ಬುಧವಾರ ಅವನು ಬರಲಿಲ್ಲ. ಫೋನ್ ಎತ್ತಿದ ಪುಟ್ಟಬಸಮ್ಮ, ಮಗ ಮತ್ತೆ ಗರಡಿಗೆ ಹೋಗುತ್ತಿದ್ದಾನೆ, ಇನ್ನು ನಿಮ್ಮ ಪಥ್ಯ ಬೇಕಾಗಿಲ್ಲ ಎಂದು ಇಟ್ಟುಬಿಟ್ಟರು.

*ನನ್ನ ಕಟ್ಟುನಿಟ್ಟು ಸಾಕಾಯಿತೇನೋ... ನಾನೂ ಸಾಕಾದೆನೇನೋ.*

ಸಿಟ್ಟಿನಲ್ಲಿ ಅವಳು ಮತ್ತೆ ಫೋನ್ ಮಾಡಲಿಲ್ಲ.

ಮೂರನೇ ವಾರ ಆಟೋದಲ್ಲಿ ಅವನನ್ನು ಎತ್ತಿಕೊಂಡು ಬಂದರು. ಕೆಂಡದಂಥ ಜ್ವರ. ಪಾದದ ತುಂಬ ಒಣಗಿದ ಕೆಂಪು ಮಣ್ಣು, ಅದರಡಿಯಲ್ಲಿ ಕೊಳೆತ ವಾಸನೆ.

ಅರಿಸಿನ, ಕರ್ಪೂರ, ಎಣ್ಣೆ ಬೆರೆಸಿ ಪೂಜೆ ಮಾಡಿ ಹದಗೊಳಿಸಿದ ಗರಡಿಯ ಮಣ್ಣು ಅದು. ಪೈಲ್ವಾನರ ತರಚು ಗಾಯಕ್ಕೆಲ್ಲ ಅದೇ ಮದ್ದು, ಅದೇ ಪ್ರಸಾದ. ಅದರ ಮೇಲೆ ಚಪ್ಪಲಿ ಮೆಟ್ಟಿ ಯಾರೂ ಇಳಿಯುವುದಿಲ್ಲ. ಅವನು ಬರಿಗಾಲಲ್ಲಿ ದಿನಾ ಮುನ್ನೂರು ಬಸ್ಕಿ ಹೊಡೆದು, ಬಿರಿದ ಬೊಬ್ಬೆಗೆ ಅದನ್ನೇ ಮೆತ್ತಿಕೊಂಡಿದ್ದ.

"ಯಾಕೆ ಹೀಗೆ ಮಾಡಿಕೊಂಡ್ರಿ?" ಅವಳು ಬಗ್ಗಿ ಕೇಳಿದಳು.

"ನಿಮ್ಮನ್ನ ಮದ್ವೆಗೆ ಕೇಳೋಕೆ ಮುಂಚೆ... ಒಂದು ಸಲ ಪೈಲ್ವಾನನಾಗಿ ನಿಂತ್ಕೋಬೇಕು ಅಂತಿತ್ತು. ರೋಗಿಯಾಗಿ ಎಂಗೆ ಕೇಳ್ಲಿ?"

ಅವಳು ಆ ಎರಡು ಬುಧವಾರಗಳನ್ನು ನೆನೆದಳು. ತಾನು ಮತ್ತೊಂದು ಫೋನ್ ಮಾಡಿದ್ದರೆ... ಬರೀ ಒಂದು ಫೋನ್!

ಆ ಕಾಲಿನ ಮೂರು ಬೆರಳು ತೆಗೆದರು. ಕಾಲು ಉಳಿಯುವುದು ಇನ್ನು ಜೋಪಾನದ ಮೇಲೆ ಎಂದರು ಸರ್ಜನ್.

ನಾಲ್ಕು ದಿನ ಅವನು ಗೋಡೆಯ ಕಡೆಗೇ ಮುಖ ಮಾಡಿ ಮಲಗಿದ್ದ. ಪುಟ್ಟಬಸಮ್ಮ ವರಾಂಡದಲ್ಲಿ ಬರಿಗೈಯಲ್ಲಿ ಕುಳಿತಿದ್ದರು. ಸುಷ್ಮಾಳನ್ನು ಕಂಡು, ಇನ್ನು ಅವನಿಗೆ ಏನು ಬೇಯಿಸಲಿ, ನೀನೇ ಹೇಳಮ್ಮ ಎಂದು ಸಣ್ಣ ದನಿಯಲ್ಲಿ ಕೇಳಿದರು. ಅವಳು ಪಕ್ಕದಲ್ಲಿ ಕುಳಿತು, ನಾಳೆಯಿಂದ ಇಬ್ಬರೂ ಸೇರಿ ಬೇಯಿಸೋಣ ಎಂದಳು.

ಐದನೇ ದಿನ ಕಟ್ಟು ಬಿಚ್ಚಿದಾಗ ಸುಷ್ಮಾ ಬಗ್ಗಿ ಅವನ ಪಾದವನ್ನು ಕೈಗೆ ತೆಗೆದುಕೊಂಡಳು. ಅವನು ಬೆಚ್ಚಿ ಎಳೆದುಕೊಳ್ಳಹೋದ.

"ನೀವು ನನ್ನ ಕಾಲು ಮುಟ್ಟಬಾರದು, ಮೇಡಂ. ಪಾಪ ಬರುತ್ತೆ ನಂಗೆ."

"ಅಂಗಾಲು ನಿಮಗೆ ಕಾಣಲ್ಲ, ನೋವೂ ತಿಳಿಯಲ್ಲ. ದಿನಾ ಯಾರಾದ್ರೂ ನೋಡಲೇಬೇಕು."

"ಅವ್ವಂಗೆ ಕಣ್ಣು ಮಂಜು."

"ನಾನು ನೋಡ್ತೀನಿ."

ಅವನು ಬಿಗಿಹಿಡಿದಿದ್ದ ಕಾಲನ್ನು ಅವಳ ಕೈಯಲ್ಲೇ ಸಡಿಲ ಬಿಟ್ಟ.

"ಎಷ್ಟು ದಿನ ನೋಡ್ತೀರಿ?"

"ಈ ಕಾಲು ಇರೋ ತನಕ."

"ಇದೂ ಹೋದ್ರೆ?"

ಅವಳ ಕಣ್ಣೀರು ಆ ಪಾದದ ಮೇಲೆ ಬಿತ್ತು. ಅವನಿಗೆ ಅದು ತಿಳಿಯಲಿಲ್ಲ.

"ಇನ್ನೊಂದನ್ನ ನೋಡ್ತೀನಿ."

ಅವನ ಗಡ್ಡದೊಳಗೆ ನಗುವಿನಂಥದ್ದು ಏನೋ ಅಲುಗಿತು.

"ಹಂಗಾದ್ರೆ... ಮೇಡಂ ಅನ್ನೋದು ಬುಟ್ಬುಡ್ಲಾ?"

"ಬುಡಿ," ಎಂದಳು ಸುಷ್ಮಾ.