ಕಪಾಟಿನ ಕೆಳಗಿನ ಎರಡು ಸಾಲು

ಫಕೀರವ್ವ ನಿವೃತ್ತಿಯಾದರೆ ರೋಣದ ಕಳ್ಳರೂ ಸ್ವಲ್ಪ ಸುಮ್ಮನಾಗುತ್ತಾರೆಂದು ಮೋದಿನಸಾಬ ಮಾಸ್ತರರು ನಂಬಿದ್ದರು. ಹಾಗೇನೂ ಆಗಲಿಲ್ಲ. ಆಕೆ ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿದ್ದಾಗ ಬಾರದವರೂ ಈಗ ಆಕೆಯ ಮನೆಯ ಕಟ್ಟೆಗೆ ಬಂದು ಕೂಡುತ್ತಿದ್ದರು. ಪಕ್ಕದ ಮನೆಯ ಮಾಸ್ತರರ ಹಳೇ ಸ್ಕೂಟರೇ ಆಕೆಯ ಜೀಪು, ಮಾಸ್ತರರೇ ಡ್ರೈವರು. ಚಿತ್ರಕಲೆ ಕಲಿಸಿ ದಣಿದ ಕೈಗೆ ಈ ವಯಸ್ಸಿನಲ್ಲಿ ಬಂದ ಕೆಲಸ ಇದು.

ನವೆಂಬರಿನ ಆ ಮುಂಜಾನೆ ಕಟ್ಟೆಯ ಮೇಲೆ ಕೂತು ಅಳುತ್ತಿದ್ದವಳು ಸೈರಾಬಾನು, ಮಾಸ್ತರರ ಹಳೆಯ ವಿದ್ಯಾರ್ಥಿನಿ. ಬೆಳವಣಕಿ ದಾರಿಯ ಪ್ರೌಢಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಅಲ್ಲಿನ ಗ್ರಂಥಾಲಯದ ಕೆಲಸವೂ ಅವಳದೇ.

"ಇವತ್ತು ಗ್ರಂಥಾಲಯ ಸಪ್ತಾಹರಿ ಅಮ್ಮಾರ. ಧೂಳ ಒರಸೂಣಂತ ಮುಂಜಾನೆ ಕಪಾಟ ತಗದ್ರ, ಕೆಳಗಿನ ಎರಡು ಸಾಲು ಖಾಲಿ! ಕೀಲಿ ಮುರದಿಲ್ಲ. ಒಂದು ಕೀಲಿಕೈ ನನ್ನ ಕಡೆ ಐತಿ, ಇನ್ನೊಂದು ಹೆಡ್‌ಮಾಸ್ತರ ಮೇಜಿನ ಖಾನೆದಾಗ. ಅದನ್ನ ಯಾರ ಬೇಕಾದ್ರೂ ತಗೋಬಹುದು. ಆದ್ರೂ ಎಲ್ಲಾರೂ ನನ್ನ ಮಾರೀನ ನೋಡಾಕತ್ತಾರ."

"ನಿನ್ನೆ ಎಲ್ಲಿದ್ದಿ?" ಫಕೀರವ್ವ ಕೇಳಿದಳು.

"ಬ್ಯಾನರ್ ತರಾಕ ನರಗುಂದಕ್ಕ ಹೋಗಿದ್ದೆ. ಹೆಡ್‌ಮಾಸ್ತರು ಕಳಿಸಿದ್ರು. ಅಲ್ಲಿಂದ ಸೀದಾ ಮನಿಗೆ ಬಂದೆ. ಮಧ್ಯಾಹ್ನ ಶಿಕ್ಷಣ ಇಲಾಖಿ ಸಾಹೇಬರು ಬರೂದ್ರೊಳಗ ಪುಸ್ತಕ ಸಿಗದಿದ್ರ ನನ್ನ ಕೆಲಸದಿಂದ ತಗದು ಪೊಲೀಸರಿಗೆ ಕೊಡ್ತಾರಂತರಿ."

ಫಕೀರವ್ವ ಸೆರಗು ಬಿಗಿದಳು. "ಮಾಸ್ತರ, ಗಾಡಿ ತಗೀರಿ."

ಮಾಸ್ತರರು ಮೊಣಕಾಲು ಹಿಡಿದುಕೊಂಡು ಎದ್ದರು. ಪ್ರತಿ ವರ್ಷವೂ ಇದೇ ಸಪ್ತಾಹ, ಇದೇ ಬ್ಯಾನರು, ಇದೇ ಭಾಷಣ. ನೌಕರಿಯುದ್ದಕ್ಕೂ ಆ ಬ್ಯಾನರಿನ ಅಕ್ಷರ ಬರೆದು ಬರೆದು ಅವರಿಗೆ ಸಾಕಾಗಿ ಹೋಗಿತ್ತು. ನಿವೃತ್ತಿಯಾದ ಮೇಲೂ ಅದು ಬೆನ್ನು ಬಿಡಲಿಲ್ಲವಲ್ಲ ಎಂದು ಗೊಣಗಿಕೊಂಡೇ ಕಿಕ್ ಹೊಡೆದರು. ಸೈರಾಬಾನು ಟಂಟಂ ಆಟೋ ಹತ್ತಿ ಮುಂದೆ ಹೋದಳು.

ಶಾಲೆಯ ಅಂಗಳದಲ್ಲಿ ಪೆಂಡಾಲ್ ಇನ್ನೂ ಎದ್ದಿರಲಿಲ್ಲ, ಕುರ್ಚಿಗಳು ಗೋಡೆಗೆ ಒರಗಿ ನಿಂತಿದ್ದವು. ವೇದಿಕೆಯ ಮೇಜಿಗೆ ಮಾತ್ರ ನೆಲ ಮುಟ್ಟುವಂತೆ ಬಟ್ಟೆ ಹಾಸಿಯಾಗಿತ್ತು. ಶಾಲಾ ಸಮಿತಿಯ ಅಧ್ಯಕ್ಷ ಮಾಳಿಂಗರಾಯ ಇವರಿಬ್ಬರನ್ನು ಕಂಡೊಡನೆ ಶುರು ಮಾಡಿದ.

"ಪತ್ತೆ ಮಾಡೂದೇನೈತ್ರಿ ಇದರಾಗ? ಅಡಗಿ ಮನಿಯ ಖಾಲಿ ಅಕ್ಕಿ ಚೀಲಾನೂ ಕಾಣವಲ್ವು. ಈ ಮೇಡಮ್ಮೂ ಆ ಅಡಗಿ ಹೊಳೆವ್ವನೂ ಕೂಡಿ ಪುಸ್ತಕ ಚೀಲಕ್ಕ ತುಂಬಿ ರದ್ದಿಗೆ ಹಾಕ್ಯಾರ."

ಫಕೀರವ್ವ ಕಪಾಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಮೇಲಿನ ಸಾಲಿನಲ್ಲಿ ದಪ್ಪ ನಿಘಂಟುಗಳು ಇದ್ದಲ್ಲೇ ಇದ್ದವು. ಕೆಳಗಿನ ಹಲಗೆಗಳನ್ನು ಒರೆಸಿ ಸ್ವಚ್ಛ ಮಾಡಿದ್ದರು. ಆಕೆ ಮೂಗು ತಾಗಿಸಿ ಮೂಸಿದಳು. ಕಪಾಟನ್ನು ಎಳೆದ ಗೀರು ನೆಲದ ಮೇಲಿತ್ತು, ಹಿಂದಿನ ಗೋಡೆಯ ಬುಡದಲ್ಲಿ ಯಾರೋ ಹೊಸದಾಗಿ ಕೆರೆದಿದ್ದರು. ಮಾಸ್ತರರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅವರು ಕೂಡಲು ಕುರ್ಚಿ ಹುಡುಕುತ್ತಿದ್ದರು.

ಅಡುಗೆಯ ಹೊಳೆವ್ವ ಬಾಗಿಲಲ್ಲಿ ನಿಂತು ಸಿಟ್ಟಿನಿಂದ ಕೂಗಿದಳು. "ನಾ ಯಾಕ ರದ್ದಿಗೆ ಹಾಕ್ಲಿ ಯವ್ವಾ? ನನ್ನ ಕಡೆಯಿಂದ ಹೋಗಿದ್ದು ಅಂದ್ರ ಚಿಮಣಿ ಎಣ್ಣಿ ಬಾಟ್ಲಿ ಒಂದ. ಗಂಟಿ ತುಕ್ಕು ಹಿಡದೈತಿ ಅಂತ ನಿನ್ನೆ ಹೆಡ್‌ಮಾಸ್ತರ ಒಯ್ದ್ರು."

ಸೀಮೆಎಣ್ಣೆಯ ಮಾತು ಕೇಳಿದ್ದೇ ಫಕೀರವ್ವ ಹೊರಗೆ ಹೋಗಿ ಶಾಲೆಯ ಗಂಟೆಯ ಮೇಲೆ ಬೆರಳಾಡಿಸಿದಳು. ತುಕ್ಕು ಬೆರಳಿಗೆ ಕೆಂಪಗೆ ಹತ್ತಿತು. ಒಳಗೆ ಬಂದು, "ಎಲ್ಲಾರನೂ ಕರೀರಿ," ಎಂದಳು. ಅವಳ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ, ದಣಿವಿತ್ತು.

ಹೆಡ್‌ಮಾಸ್ತರ ಶಿವನಪ್ಪ ಬಂದು ಕಿಟಕಿಯ ಹತ್ತಿರ ನಿಂತರು. ಫಕೀರವ್ವ ಮಾಳಿಂಗರಾಯನತ್ತ ನೋಡಿದಳು.

"ಮಾರಾಕ ಕದ್ದವ ದಪ್ಪ ನಿಘಂಟು ಬಿಟ್ಟು ಹಳೇ ಕತಿ ಪುಸ್ತಕ ಒಯ್ತಾನೇನ್ರಿ ಅಧ್ಯಕ್ಷರ? ರದ್ದಿಗೆ ತೂಕ ಬೇಕು. ಇನ್ನ ಯಾವ ಕಳ್ಳ ಕದ್ದ ಮ್ಯಾಲೆ ಹಲಗಿ ಒರಸ್ತಾನ? ಅದೂ ಚಿಮಣಿ ಎಣ್ಣಿ ಹಚ್ಚಿ? ಕಪಾಟ ಎಳದು ಗ್ವಾಡಿ ಕೆರದಾರ. ಎಣ್ಣಿ, ಗ್ವಾಡಿ, ಕೆಳಗಿನ ಸಾಲು, ಮೂರೂ ಕೂಡಿದ್ರ ಒಂದ ಆಗ್ತೈತಿ: ಗೆದ್ದಲ. ಪುಸ್ತಕ ಕಳುವಾಗಿಲ್ಲ. ತಿಂದು ಹೋಗ್ಯಾವು. ಅದನ್ನ ಯಾರೋ ಮುಚ್ಚ್ಯಾರ."

ಸೈರಾಬಾನು ಬಾಯಿಯ ಮೇಲೆ ಕೈಯಿಟ್ಟುಕೊಂಡಳು.

"ಮೇಡಮ್ಮನ್ನ ನರಗುಂದಕ್ಕ ಕಳಿಸಿದವರ ಎಣ್ಣಿ ಒಯ್ದ್ರು. ಆದ್ರ ಗಂಟಿಗಿ ಎಣ್ಣಿ ಮುಟ್ಟಿಲ್ಲ. ಪೆಂಡಾಲಿಲ್ಲ, ಕುರ್ಚಿ ಹಾಕಿಲ್ಲ, ಮೇಜಿನ ಬಟ್ಟಿಗೆ ಅಷ್ಟ ಯಾಕ ಅವಸರ ಇತ್ತು?" ಆಕೆ ಕಿಟಕಿಯ ಕಡೆ ತಿರುಗಿದಳು. "ಸುಟ್ಟಿದ್ರ ನನಗ ಸಿಗ್ತಿದ್ದಿಲ್ಲ ನೀವು. ಸುಡಾಕ ಮನಸ್ಸು ಬರಲಿಲ್ಲ, ಹೌದಲ್ರಿ ಸರ?"

ಶಿವನಪ್ಪ ತಾವೇ ಹೋಗಿ ಮೇಜಿನ ಬಟ್ಟೆ ಎತ್ತಿ, ಕೆಳಗಿದ್ದ ಅಕ್ಕಿ ಚೀಲಗಳನ್ನು ಎಳೆದು ತಂದರು.

"ಹ್ಯಾಂಗ ಸುಡ್ಲಿ? ಅಸೂಟಿ, ಚಿಕ್ಕನರಗುಂದ, ಗಜೇಂದ್ರಗಡ, ಎಲ್ಲಾ ಕಡೆ ಮನಿ ಬಾಗಿಲಿಗೆ ನಿಂತು ಬೇಡಿ ತಂದ ಪುಸ್ತಕ ಇವು. ಎಲ್ಲಾ ಓದೀನಿ. ಹುಡುಗ್ರು ಹರೀತಾರಂತ ಹೆದರಿ ಕೀಲಿ ಹಾಕಿದೆ. ಸಪ್ತಾಹಕ್ಕೊಮ್ಮೆ ಹೂವಿನ ಹಾರ ಹಾಕಿ, ಫೋಟೋ ತಗದು, ಮತ್ತ ಕೀಲಿ. ಈ ಹುಡುಗಿ ಎಷ್ಟು ಸಲ ಕೇಳಿದ್ಲು ತಗೀಲೇನ್ರಿ ಅಂತ. ಕೀಲಿಕೈ ಅಕಿ ಕಡೆ ಇದ್ರೂ ಸಪ್ತಾಹ ಬಿಟ್ಟು ತಗೀಬ್ಯಾಡ ಅಂದಿದ್ದೆ. ನಿನ್ನೆ ತಗದಾಗ ಎಲ್ಲಾ ಮಣ್ಣು." ಅವರು ಸೈರಾಬಾನುವಿನ ಕಡೆ ತಿರುಗಿದರು. "ಕಳುವಾತು ಅಂದ್ರ ಒಂದೆರಡು ದಿನ ಗದ್ದಲ ಆಗಿ ಮುಗೀತೈತಿ ಅನ್ಕೊಂಡೆ. ನಿನ್ನ ಕೊರಳಿಗೆ ಬರ್ತೈತಿ ಅಂತ ತಿಳೀಲಿಲ್ಲವ್ವಾ. ತಿಳದ ಮ್ಯಾಲೂ ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು."

ಅವರು ಖಾನೆಯಲ್ಲಿದ್ದ ಕಪಾಟಿನ ಇನ್ನೊಂದು ಕೀಲಿಕೈಯನ್ನೂ ತಂದು ಸೈರಾಬಾನುವಿನ ಕೈಯಲ್ಲಿಟ್ಟರು. ಮಾಳಿಂಗರಾಯ ಗಂಟಲು ಸರಿಮಾಡಿಕೊಂಡು, "ತಪ್ಪಾತು ಮೇಡಂ, ಹೊಳೆವ್ವಾ, ನಿನಗೂ," ಎಂದು ಹೊರಗೆ ನಡೆದ. ಸೈರಾಬಾನು ಕಣ್ಣೊರೆಸಿಕೊಂಡಳು. ಆದರೆ ಸಾಹೇಬರಿಗೆ ತೋರಿಸಲು ಇಡಿಯಾದ ಕತೆ ಪುಸ್ತಕಗಳೇ ಇರಲಿಲ್ಲ.

"ಇವನ್ನ ಇಡೂನ್ರಿ," ಎಂದಳು ಸೈರಾಬಾನುವೇ. ಹೂವು ಹಾಕದೆ, ಮಣ್ಣು ಕೊಡವಿ, ತೂತು ಬಿದ್ದ ಪುಸ್ತಕಗಳನ್ನೇ ಮೇಜಿನ ಮೇಲೆ ಬಿಚ್ಚಿಟ್ಟಳು.

ಸಾಹೇಬರು ತಡವಾಗಿ ಬರುತ್ತಾರೆಂದು ಫೋನು ಬಂತು. ಆದರೆ ಮಕ್ಕಳು ಕಾಯಲಿಲ್ಲ. ಯಾವ ಸಪ್ತಾಹದಲ್ಲೂ ಕಪಾಟಿನ ಹತ್ತಿರ ಸುಳಿಯದಿದ್ದವರು ಈಗ ತೂತಿನಲ್ಲಿ ಬೆರಳು ತೂರಿಸುತ್ತ, ಉಳಿದ ಸಾಲುಗಳನ್ನು ಗಟ್ಟಿಯಾಗಿ ಓದುತ್ತ ಮೇಜನ್ನು ಮುತ್ತಿದರು.

"'ಒಂಟೆ ಬಾವಿಯೊಳಗೆ ಇಣುಕಿ ನೋಡಿತು. ಅಲ್ಲಿ...' ಮುಂದ ತಿಂದೈತ್ರಿ ಮೇಡಂ!" ಒಬ್ಬಳು ಕೂಗಿದಳು. "ಒಳಗ ಏನಿತ್ರಿ?"

"ನಾನೂ ಓದಿಲ್ಲವ್ವಾ," ಎಂದಳು ಸೈರಾಬಾನು. "ತಗದಿದ್ದ ಇಲ್ಲಲ್ಲ ಕಪಾಟ."

ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ ಶಿವನಪ್ಪ ಮೆಲ್ಲಗೆ ಮುಂದೆ ಬಂದು, ವೇದಿಕೆ ಬಿಟ್ಟು ಮಕ್ಕಳ ನಡುವೆ ನೆಲಕ್ಕೇ ಕೂತರು. "ಒಳಗ ಇನ್ನೊಂದು ಒಂಟಿ ಇತ್ತು," ಎಂದರು. "ಅದು ಭಾಳ ದಿನದಿಂದ ಮ್ಯಾಲೆ ನೋಡ್ಕೋತ ನಿಂತಿತ್ತು. ಯಾಕಂದ್ರ..."

ಫಕೀರವ್ವ ಚಪ್ಪಲಿ ಮೆಟ್ಟಿದಳು. "ಮಾಸ್ತರ, ಗಾಡಿ ತಗೀರಿ. ಮನಿಗೆ ಹೋಗೂಣು."

ಮಾಸ್ತರರಿಗೆ ಆಗಲೇ ಕುರ್ಚಿ ಸಿಕ್ಕಿತ್ತು. "ತಡೀರಿ ಅಕ್ಕಾರ," ಎಂದರು ಅವರು, ಕತ್ತು ಮುಂದೆ ಚಾಚಿ. "ಕತಿ ಮುಗೀಲಿ."