ಮೂರನೇ ಕೋರ್ಟಿನ ಜೋಡಿ

"ಏ ಹಲೋ! ಯೇ ಕೋರ್ಟ್ ಹಮಾರಾ ಹೈ!"

ನವಿ ಮುಂಬಯಿಯ ನೆರೂಳ ಕ್ಯಾಂಪಸ್ಸಿನ ಬ್ಯಾಡ್ಮಿಂಟನ್ ಹಾಲ್‌ನಲ್ಲಿ ನಿಕಿತಾ ಅವನಿಗೆ ಹೇಳಿದ ಮೊದಲ ಮಾತೇ ಅದು. ಆ ಎತ್ತರದ ಹುಡುಗ ರಾಕೆಟ್ ಎತ್ತಿಕೊಳ್ಳುತ್ತ ಇದು ಹುಡುಗಿಯೋ ಪೊಲೀಸೋ ಎಂದು ತುಳುವಿನಲ್ಲಿ ಗೊಣಗಿದ.

"ಉಂದು ಪೊಣ್ಣಾ, ಪೊಲೀಸಾ?"

"ಎಂಕ್‌ಲಾ ತುಳು ಬರ್ಪುಂಡು!"

ತನಗೂ ತುಳು ಬರುತ್ತದೆ ಎಂದು ಅವಳು ತಿರುಗಿ ಹೇಳಿದಾಗ ಹಿತೇಶನ ಮುಖ ನೋಡಬೇಕಿತ್ತು!

ಜಗಳ ಗೆಳೆತನವಾಯಿತು. ಮಿಕ್ಸೆಡ್ ಡಬಲ್ಸ್‌ನಲ್ಲಿ ಇಬ್ಬರೂ ಜೋಡಿಯಾದರು. ಮೂರನೇ ಕೋರ್ಟು ಅವರದೇ ಎಂದು ಉಳಿದವರೂ ಬಿಟ್ಟುಕೊಟ್ಟರು. ಪ್ರೀತಿ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವಾದರೂ ಏನಿತ್ತು?

ಆದರೆ ಇಂದು... ನಾಳೆ ಪಂದ್ಯ ಎನ್ನುವಾಗ ಅವನು ಕೋಚ್‌ಗೆ ಹೇಳಿ ಬೇರೆ ಜೊತೆಗಾತಿಯನ್ನು ಕೇಳಿದ್ದ!

ನಿಕಿತಾ ಗ್ಯಾಲರಿಯ ಮೆಟ್ಟಿಲಲ್ಲಿ ಅವನನ್ನು ಹಿಡಿದಳು.

"ನಾನೇನು ತಪ್ಪು ಮಾಡಿದೆ ಹಿತೇಶ್?"

"ಏನಿಲ್ಲ."

"ಬೇರೆ ಯಾರಾದ್ರೂ ಇದ್ದಾರಾ?"

"ಛೇ! ಹಾಗಲ್ಲ..." ಅವನ ಕಣ್ಣು ತುಂಬಿತ್ತು. "ನೀನು ನನಗೆ ತಂಗಿ ಆಗಬೇಕು, ನಿಕಿ."

ತಂಗಿ! ಲೋಕಲ್ ರೈಲಿನಲ್ಲಿ ಕೈ ಹಿಡಿದು ಕೂರುತ್ತಿದ್ದವನಿಗೆ ಈ ಮಾತಾಡಲು ಬಾಯಾದರೂ ಹೇಗೆ ಬಂತು?

"ಬೇಡವಾದ್ರೆ ಸೀದಾ ಬೇಡ ಅನ್ನು. ಈ ನಾಟಕ ಯಾಕೆ?"

"ನಾಟಕ ಅಲ್ಲ ಮಾರಾಯ್ತಿ! ಭಾನುವಾರ ವಾಶಿಗೆ, ನಿಮ್ಮ ಹೋಟೆಲಿಗೆ ಹೋಗಿದ್ದೆ. ನಿನ್ನ ಪಪ್ಪ 'ನಿಮ್ಮದು ಯಾವ ಬಳಿ?' ಅಂತ ಕೇಳಿದ್ರು. ಹೇಳಿದೆ. 'ನಂದೂ ಅದೇ ಮಾರಾಯ!' ಅಂತ ಖುಷಿಯಲ್ಲಿ ಬೆನ್ನು ತಟ್ಟಿದ್ರು. ನಾನು ದೋಸೆ ಅರ್ಧಕ್ಕೆ ಬಿಟ್ಟು ಎದ್ದು ಬಂದೆ."

ಬಳಿ ಎಂದರೆ ತುಳುನಾಡಿನ ಮನೆತನಗಳ ಕುಲ. ಒಂದೇ ಬಳಿಯವರು ಅಣ್ಣ ತಂಗಿಯರ ಲೆಕ್ಕ, ಮದುವೆಯ ಮಾತೇ ಇಲ್ಲ. ನಿಕಿತಾ ತಲೆ ಕೊಡವಿದಳು.

"ಅದು ಪಪ್ಪನ ಬಳಿ. ನಂದಲ್ಲ!"

"ಅಪ್ಪಂದೇ ಮಕ್ಕಳಿಗೂ ತಾನೇ? ನನ್ನ ಮರಾಠಿ ದೋಸ್ತರ ಗೋತ್ರ ಎಲ್ಲ ಹಾಗೇ..."

"ನಮ್ಮಲ್ಲಿ ಬಳಿ ಬರೋದು ಅಮ್ಮನಿಂದ, ಬುದ್ದೂ! ನಿನಗೆ ಬಂದಿದ್ದೂ ನಿನ್ನ ಅಮ್ಮನದ್ದೇ. ಅವರದ್ದೂ ಪಪ್ಪಂದೂ ಒಂದೇ ಬಳಿ ಅಂದ್ರೆ, ಅವರಿಬ್ಬರು ಏನಾಗಬೇಕು?"

ಅವನು ತಡವರಿಸಿದ. "ಅಣ್ಣ... ತಂಗಿ. ಅಂದ್ರೆ ನಿನ್ನ ಪಪ್ಪ ನನಗೆ..."

"ಸೋದರಮಾವನ ಲೆಕ್ಕ! ಬೆನ್ನು ತಟ್ಟಿದ್ದು ಯಾಕೆ ಅಂತ ಈಗ ಗೊತ್ತಾಯ್ತಾ?"

ಹೇಳುತ್ತಲೇ ಅವಳಿಗೆ ಅಳು ಒತ್ತರಿಸಿ ಬಂತು. "ಭಾನುವಾರದಿಂದ ನೀನು ಮುಖ ತಪ್ಪಿಸ್ತಿದ್ದೆ, ನನಗೆ ಅನ್ನ ಸೇರಿಲ್ಲ. ಒಂದು ಮಾತು ಕೇಳಬಾರದಿತ್ತಾ?"

"ಹೆದರಿಕೆ ಆಯ್ತು. ನೀನೂ ಹೌದು ಅಂದುಬಿಟ್ರೆ... ಆಮೇಲೆ ಮರೆಯಲೇಬೇಕಲ್ಲ? ನಿನ್ನನ್ನು ಮರೆಯೋದು ನನ್ನಿಂದಾಗಲ್ಲ ನಿಕಿ. ನಿನ್ನ ಮೇಲೆ ಅಷ್ಟು ಪ್ರೀತಿ."

ಅವಳು ಅಳುತ್ತಲೇ ಅವನ ರಾಕೆಟ್ ಎತ್ತಿ ಕೈಗೆ ಕೊಟ್ಟಳು.

"ಮೊದಲು ಕೋಚ್‌ಗೆ ಹೇಳು, ಬೇರೆ ಯಾರೂ ಬೇಡ ಅಂತ."

"ಆಮೇಲೆ?"

"ಆಮೇಲೆ ವಾಶಿಗೆ ಬಾ. ಅರ್ಧಕ್ಕೆ ಬಿಟ್ಟ ದೋಸೆ ಪೂರ್ತಿ ತಿನ್ನು. ನಿನ್ನ ಮಾವ ಕೇಳ್ತಾ ಇದ್ರು, ಹುಡುಗನಿಗೆ ನಮ್ಮ ದೋಸೆ ಸೇರಲಿಲ್ವಾ ಅಂತ..."